ಹೆಜ್ಜೆಯ ಮೇಲೊಂದು ಕಣ್ಣು

ಸಂಜೆ ವಾಕಿಂಗಿಗೆ ಹೊರಟರೆ ನನ್ನ ಕಣ್ಣು ಕಾಲಿನ ಮೇಲೇ ಇರುತ್ತದೆ. ಎದುರಾದವರು ‘ಏನ್ರೀ, ಏನಾದ್ರೂ ಬೀಳಿಸ್ಕೊಂಡ್ರಾ?’ ಎನ್ನುತ್ತಾರೆ. ಬೀಳಿಸಿಕೊಂಡದ್ದೇನೂ ಇಲ್ಲ, ಇದು ನಕ್ಷಬಂದಿ ಸೂಫಿಗಳಿಂದ ಅಂಟಿಸಿಕೊಂಡ ಚಟ. ‘ನಜರ್ ಬರ್ ಕದಮ್’: ದೃಷ್ಟಿ ಹೆಜ್ಜೆಯ ಮೇಲಿರಲಿ, ಅದು ಅಲೆದಷ್ಟೂ ಮನಸ್ಸು ಚೆದುರುತ್ತದೆ. ಇಂಥ ಎಂಟು ಕಟ್ಟಳೆಗಳು ಸೂಫಿ ಗುರು ಅಬ್ದುಲ್ ಖಾಲಿಕ್ ಗಿಜ್ದುವಾನಿಯವರವು. ಬುಖಾರಾದ ಬಹಾವುದ್ದೀನ್ ನಕ್ಷಬಂದರು (1318–1389) ಇನ್ನು ಮೂರು ಸೇರಿಸಿದರೆಂದು ಪರಂಪರೆ ಹೇಳುತ್ತದೆ. ಅಲೆಯಲು ಬುಖಾರಾದವರ ಕಣ್ಣಿಗೆ ಒಂದೂರಿನ ಪೇಟೆ ಇತ್ತು. ನಮಗೆ ಲೋಕದ ಪೇಟೆಗಳೆಲ್ಲ ಅಂಗೈಯಲ್ಲೇ.

ಹೊರಟ ಹೊಸತರಲ್ಲಿ ಹೆಬ್ಬೆರಳು ಸುಮ್ಮನಿರುವುದಿಲ್ಲ. ಜೇಬಿನಲ್ಲಿ ಫೋನು ಗುಂಯ್ ಎಂದಿತೋ, ಯಾರದೋ ಮದುವೆ, ಯಾರದೋ ಪ್ರಶಸ್ತಿ, ಯಾರದೋ ಜಗಳ ನನ್ನನ್ನು ಬಿಟ್ಟೇ ಮುಗಿದುಹೋಯಿತೆಂಬ ತಳಮಳ. ಆಗ ‘ಹೋಶ್ ದರ್ ದಮ್’ ನೆರವಿಗೆ ಬರುತ್ತದೆ: ಒಂದು ಉಸಿರೂ ಎಚ್ಚರ ತಪ್ಪಿ ಹೋಗಬಾರದು. ಉಸಿರು ಒಳಗೆ, ಹೆಜ್ಜೆ, ಉಸಿರು ಹೊರಗೆ, ಹೆಜ್ಜೆ. ಸ್ವಲ್ಪ ದೂರ ಹೀಗೆ ಸಾಗಿದರೆ ಉದುರಿದ ಹೊಂಗೆ ಹೂ ಕಾಣುತ್ತದೆ. ಸಿಮೆಂಟು ಹಸಿಯಿದ್ದಾಗ ನಾಯಿಯೊಂದು ಒತ್ತಿ ಹೋದ ಪಾದ ಕಾಣುತ್ತದೆ. ಫೋನು ಗುಂಯ್‌ಗುಡುತ್ತಲೇ ಇರುತ್ತದೆ, ಕೈ ಅತ್ತ ಹೋಗುವುದಿಲ್ಲ. ಸಂತೆಯ ನಡುವೆಯೇ ಏಕಾಂತವಿರಲೆಂಬ ‘ಖಲ್ವತ್ ದರ್ ಅಂಜುಮನ್’ ಇದರ ಹತ್ತಿರದ್ದೇನೋ. ಕಾಡಿಗೆ ಹೋಗೆನ್ನದ, ಖಾತೆ ಅಳಿಸೆನ್ನದ ಈ ಕಟ್ಟಳೆ ನನ್ನಂಥ ಸಂಸಾರಿಗೆ ಬಲು ಇಷ್ಟ.

ಸೂಫಿ ಸಾಧನೆಯನ್ನು ಟೆನ್ಷನ್ ಮಾತ್ರೆಯಂತೆ ಮಾರುವವರನ್ನು ಕಂಡರೆ ಮಾತ್ರ ನನಗಾಗದು. ಜಿಕ್ರ್ ಎಂಬ ಅವರ ನಾಮಸ್ಮರಣೆ ಇರುವುದು ದೇವರ ನೆನಪಿಗೆ. ನೆಮ್ಮದಿ ಏನಿದ್ದರೂ ಕೊಸರು. ಆ ನೆನಪಿಗೆ ನಕ್ಷಬಂದಿಗಳ ಮೌನವೊಂದೇ ದಾರಿಯೂ ಅಲ್ಲ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಸೂಫಿ ಸಂತ ಬಂದೇನವಾಜರ ಚಿಶ್ತಿ ಪಂಥ ಹಾಡನ್ನೇ ಸಾಧನೆ ಮಾಡಿಕೊಂಡಿತು. ಕವ್ವಾಲಿಯ ಗದ್ದಲದಲ್ಲೂ ಫೋನು ಮರೆಯುತ್ತದೆ, ಅದನ್ನು ರೆಕಾರ್ಡ್ ಮಾಡಲು ಹೊರಡದಿದ್ದರೆ.

ನಮ್ಮ ಸಂಕಟದ ಬೇರು ಹಿಡಿದವರು ಒಂಬತ್ತನೇ ಶತಮಾನದ ನಿಶಾಪುರದ ಮಲಾಮತಿಗಳು ಎಂದು ನನಗೆ ತೋರುತ್ತದೆ. ಅವರು ತಮ್ಮ ಭಕ್ತಿಯನ್ನು ಬಚ್ಚಿಟ್ಟುಕೊಳ್ಳುತ್ತಿದ್ದರು. ಜನ ಹೊಗಳಿದರೆ ಗಾಬರಿ, ಬೈದರೆ ನಿರಾಳ. ನಾವು ಲೈಕು ಎಣಿಸುವವರು. ಅವರಾದರೆ ಒಂದು ಲೈಕು ಬಿದ್ದರೂ ತಮ್ಮಲ್ಲೇನು ಕೆಟ್ಟಿತೆಂದು ತಡಕಾಡುತ್ತಿದ್ದರು. ಫೋನು ನೋಡದೆ ನಡೆದೆನೆಂದು ಪತ್ರಿಕೆಗೆ ಬರೆದು ಕಳಿಸುವ ನನ್ನನ್ನಂತೂ ಹೊಸ್ತಿಲ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.