ಸ್ಯಾಕ್ಸೊಫೋನೂ ತಲೆದೂಗುವ ಕೇಳುಗರೂ

ಸಂಗೀತವನ್ನು ಮೆಚ್ಚಿಕೊಂಡವನು ಆ ಮೆಚ್ಚುಗೆಯನ್ನು ಹೊರಗೆ ತೋರುವ ರೀತಿ ಎಲ್ಲ ಕಡೆಯಲ್ಲಿಯೂ ಒಂದೇ ಅಲ್ಲ. ನಮ್ಮ ಸಭೆಗಳಲ್ಲಿ ರಸಿಕನು ತೊಡೆಯ ಮೇಲೆ ತಾಳ ಹಾಕುತ್ತಾನೆ. ಸಂಗತಿಯೊಂದು ಸೊಗಸಾಗಿ ಬಂದರೆ ತಲೆದೂಗಿ ‘ಭೇಷ್’ ಎನ್ನುತ್ತಾನೆ. ಪಕ್ಕದವನ ಮುಖವನ್ನು ನೋಡಿ ಅವನೂ ಅದನ್ನು ಕಂಡನೇ ಎಂದು ವಿಚಾರಿಸಿಕೊಳ್ಳುತ್ತಾನೆ. ಐರೋಪ್ಯರ ಶಾಸ್ತ್ರೀಯ ಸಂಗೀತ ಸಭೆಯಲ್ಲಾದರೋ ಕೃತಿ ಪೂರ್ತಿಯಾಗುವವರೆಗೆ ಕೆಮ್ಮುವುದಕ್ಕೂ ಸಂಕೋಚ. ಜಾಝ್ ಎಂಬ ಅಮೆರಿಕದ ಸಂಗೀತ ಇವೆರಡರ ನಡುವಣ ದಾರಿಯನ್ನು ಹಿಡಿದಿದೆ. ಅಲ್ಲಿ ಒಬ್ಬ ವಾದಕನು ತನ್ನ ಸರದಿಯ ಮನೋಧರ್ಮವನ್ನು ನುಡಿಸಿ ನಿಲ್ಲಿಸಿದೊಡನೆಯೇ, ಉಳಿದವರ ವಾದನ ಇನ್ನೂ ಸಾಗುತ್ತಿರುವಾಗಲೇ, ಕೇಳುಗರು ಕೈತಟ್ಟುತ್ತಾರೆ. ತನಿ ಆವರ್ತನದ ಕೊನೆಯಲ್ಲಿ ನಮ್ಮವರು ತಟ್ಟುವ ಚಪ್ಪಾಳೆಗೆ ಇದು ತೀರ ದೂರವಾದುದಲ್ಲ.

ಈ ಪದ್ಧತಿಗಳೆಲ್ಲ ಒಂದೇ ಸೂರಿನಡಿ ಕಲೆಯುವುದನ್ನು ನೋಡಬೇಕೆಂದರೆ ಇಂದು ಬೆಂಗಳೂರಿನ ಮೂಡಣ ಅಂಚಿನ ವೈಟ್‌ಫೀಲ್ಡಿಗೆ ಹೋಗಬೇಕು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಭೂಮಿಯಲ್ಲಿ ಎದ್ದ ಊರು ಅದು. ರಾಗಿಯ ಹೊಲಗಳ ನಡುವೆ ಹಂಚಿನ ಮನೆಗಳೂ ಇಗರ್ಜಿಯೂ ಇದ್ದ ಆ ನೆಲದ ಸುತ್ತ, 1990ರ ದಶಕದಿಂದೀಚೆಗೆ, ಗಾಜಿನ ಕಟ್ಟಡಗಳ ಕಾಡೇ ಬೆಳೆದಿದೆ. ಅದರ ನಡುವೆ 2012ರಲ್ಲಿ ಬಾಗಿಲು ತೆರೆದ ವಿಂಡ್‌ಮಿಲ್ಸ್ ಎಂಬಲ್ಲಿ ಬಿಯರನ್ನು ಸ್ಥಳದಲ್ಲಿಯೇ ತಯಾರಿಸುತ್ತಾರೆ. ಗೋಡೆಗಳಿಗೆ ಪುಸ್ತಕಗಳನ್ನು ಜೋಡಿಸಿದ್ದಾರೆ. ಜಾಝಿಗೆಂದೇ ಒಂದು ರಂಗಸ್ಥಳವನ್ನೂ ಏರ್ಪಡಿಸಿದ್ದಾರೆ. ಪಾನಗೃಹದಲ್ಲಿ ಸಂಗೀತವೇ ಎಂದು ಹುಬ್ಬೇರಿಸುವ ಹಿರಿಯರು ಉಂಟು. ಜಾಝ್ ಬೆಳೆದು ದೊಡ್ಡದಾದುದು ಬಹುಮಟ್ಟಿಗೆ ಇಂತಹ ಮನೆಗಳಲ್ಲಿಯೇ ಎಂಬುದನ್ನು ಅವರು ನೆನೆದರೆ ಸಾಕು.

ಜಾಝಿನ ಚತುಷ್ಕವೆಂದರೆ ಸಾಮಾನ್ಯವಾಗಿ ಒಂದು ಸ್ಯಾಕ್ಸೊಫೋನ್ ಅಥವಾ ಕಹಳೆ, ಪಿಯಾನೊ, ನಿಂತು ನುಡಿಸುವ ದೊಡ್ಡ ಪಿಟೀಲಿನಂತಹ ಬಾಸ್, ಮತ್ತು ಡ್ರಮ್ಮುಗಳು. ಮೊದಲು ಒಂದು ಮಟ್ಟನ್ನು ಎಲ್ಲರೂ ಕೂಡಿ ನುಡಿಸುತ್ತಾರೆ. ಬಳಿಕ ಆ ಮಟ್ಟಿನ ಆವರ್ತವನ್ನು ಬಿಡದೆ ಒಬ್ಬೊಬ್ಬರೂ ಅದರ ಮೇಲೆ ತಮ್ಮ ಕಲ್ಪನೆಯನ್ನು ಹರಿಯಬಿಡುತ್ತಾರೆ. ಕೊನೆಗೆ ಮಟ್ಟು ಮರಳಿ ಬರುತ್ತದೆ. ಪಲ್ಲವಿಯನ್ನೆತ್ತಿ ಕಲ್ಪನಾಸ್ವರಗಳನ್ನು ಹಾಕಿ ಎಡುಪಿಗೆ ಸರಿಯಾಗಿ ಬಂದು ಸೇರುವುದನ್ನು ಕೇಳಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಂತಹ ಕೇಳುಗನನ್ನು ಮೊದಲು ಕಕ್ಕಾಬಿಕ್ಕಿ ಮಾಡುವುದು ಪಿಯಾನೊ ಒಂದೇ ಕಾಲಕ್ಕೆ ಒತ್ತುವ ಹಲವು ಸ್ವರಗಳ ಗುಂಪು. ಅವನು ಹಿಡಿದುಕೊಳ್ಳುವುದಕ್ಕೆ ಒಂದು ಎಳೆ ಬೇಕು. ಸೊಪ್ರಾನೊ ಸ್ಯಾಕ್ಸೊಫೋನ್ ಅವನಿಗೆ ಆ ಎಳೆಯನ್ನು ಕೊಡುತ್ತದೆ.

ಆಲ್ಟೊ, ಟೆನರ್ ಎಂಬ ಅದರ ಬಂಧುಗಳು ಬಾಗಿದ ಕೊರಳಿನವು. ಸೊಪ್ರಾನೊ ಸಾಮಾನ್ಯವಾಗಿ ನೆಟ್ಟಗೆ ಕೋಲಿನಂತಿದ್ದು ತುದಿಯಲ್ಲಿ ಅರಳಿಕೊಳ್ಳುತ್ತದೆ. ಒಡಲು ಹಿತ್ತಾಳೆಯದಾದರೂ ನಾದ ಹುಟ್ಟುವುದು ಜೊಂಡಿನ ಒಂದು ಸೀಳಿನಿಂದ. ಬಾಯಿ ಕಿರಿದು, ಶ್ರುತಿ ಚಂಚಲ. ತುಟಿಯ ಹಿಡಿತ ಎಳ್ಳಷ್ಟು ಸಡಿಲಿದರೂ ಸ್ವರ ಜಾರುತ್ತದೆ. ಬಲ್ಲವನ ಕೈಯಲ್ಲಿ ಈ ದೋಷವೇ ಗುಣವಾಗುವುದು. ಸ್ವರದಿಂದ ಸ್ವರಕ್ಕೆ ಎಳೆದು, ತೊನೆಸಿ, ಬಾಗಿಸಿ ಅದು ನುಡಿಯುವಾಗ ದೇವಸ್ಥಾನದ ಓಲಗ ಕಿವಿಯಲ್ಲಿ ಏಳುತ್ತದೆ. ನಾಗಸ್ವರವೂ ಬಾಯಿಂದ ತುದಿಯವರೆಗೆ ಅಗಲವಾಗುತ್ತ ಹೋಗುವ ಕೊಳವೆ. ಅದರ ಪೀಪಿಯೂ ಜೊಂಡಿನದೇ, ಆದರೆ ಎರಡು ಎಸಳಿನದು. ಹೊರದೇಶದ ವಾದ್ಯವನ್ನು ಕೇಳುತ್ತ ನಮ್ಮವನು ಕಣ್ಣರಳಿಸುವುದು ಹೊಸದನ್ನು ಕಂಡ ಬೆರಗಿನಿಂದ ಮಾತ್ರವಲ್ಲ, ಪರಿಚಿತವಾದ ದನಿಯೊಂದನ್ನು ಅಪರಿಚಿತರ ಮನೆಯಲ್ಲಿ ಗುರುತಿಸಿದ ಸಂತೋಷದಿಂದಲೂ ಅಹುದು.

ಈ ಗುರುತು ಬರಿಯ ಭ್ರಮೆಯಲ್ಲ. 1960ರ ಅಕ್ಟೋಬರಿನಲ್ಲಿ ಜಾನ್ ಕೋಲ್ಟ್ರೇನ್ ತನ್ನ ಚತುಷ್ಕದೊಡನೆ ‘ಮೈ ಫೇವರಿಟ್ ಥಿಂಗ್ಸ್’ ಎಂಬ ನಾಟಕದ ಹಾಡೊಂದನ್ನು ಸೊಪ್ರಾನೊದಲ್ಲಿ ನುಡಿಸಿ ಮುದ್ರಿಸಿದನು. ಸಣ್ಣ ಹಾಡು ಹದಿಮೂರು ನಿಮಿಷಗಳನ್ನು ಮೀರಿ ಬೆಳೆಯಿತು. ಪಿಯಾನೊ ಒಂದೆರಡು ಸ್ವರಗುಚ್ಛಗಳನ್ನೇ ತಿರುಗಿ ತಿರುಗಿ ಒತ್ತುತ್ತ ತಂಬೂರಿಯ ಕೆಲಸವನ್ನು ಮಾಡುತ್ತದೆ. ಅದರ ಮೇಲೆ ಸ್ಯಾಕ್ಸೊಫೋನ್ ಸುತ್ತಿ ಸುತ್ತಿ ಏರುತ್ತದೆ. ಆ ಮಹನೀಯನು ಮರುವರ್ಷವೇ ‘ಇಂಡಿಯಾ’ ಎಂಬ ಹೆಸರಿನ ರಚನೆಯನ್ನು ನುಡಿಸಿದನು; 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ನೆನಪಿನಲ್ಲಿ ರವಿ ಎಂದು ಹೆಸರಿಟ್ಟನು. ಅತ್ತಣಿಂದ ನಮ್ಮ ಕಡೆಗೆ ಚಾಚಿದ ಕಿವಿ ಅದು.

ಇತ್ತಣಿಂದ ಅತ್ತ ಚಾಚಿದವರ ಕಥೆ ಇನ್ನೂ ಸ್ವಾರಸ್ಯವಾದುದು. ಆಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದವನು 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ದಂಡಿನ ಬ್ಯಾಂಡುಗಳಿಗೆ ಬಳಕೆಯಾಗಿ, ಕಾಲಕ್ರಮದಲ್ಲಿ ಮೈಸೂರು ಅರಮನೆಯ ಬ್ಯಾಂಡಿಗೂ ಬಂದು ಸೇರಿತು. ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ಅದನ್ನು ಹುಡುಗನಾಗಿದ್ದಾಗ ಕೇಳಿ ಮನಸೋತರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠ ಆ ವಾದ್ಯದ್ದೇ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರೂ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರೂ ಮುಂದೆ ಗುರುಗಳಾದರು. ನಾಗಸ್ವರದ ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಿ ಗಮಕವನ್ನು ತರಬಹುದು. ಸ್ಯಾಕ್ಸೊಫೋನಿನ ರಂಧ್ರಗಳನ್ನು ಲೋಹದ ಮುಚ್ಚಳಗಳು ಕಾಯುತ್ತವೆ, ಬೆರಳಿಗೆ ಅಲ್ಲಿ ಪ್ರವೇಶವಿಲ್ಲ. ವಾದ್ಯದಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡು, ಉಳಿದುದನ್ನೆಲ್ಲ ಉಸಿರಿಗೂ ತುಟಿಗೂ ಕಲಿಸಬೇಕಾಯಿತು. ಇದಕ್ಕೆ ಹಿಡಿದುದು ಹಲವು ವರ್ಷಗಳ ಸಾಧನೆ. ‘ಬ್ಯಾಂಡಿನವರ ವಾದ್ಯದಲ್ಲಿ ತ್ಯಾಗರಾಜರೇ?’ ಎಂದು ಕೇಳಿ ನಕ್ಕ ಪಂಡಿತರಿಗೆ ಅವರು ಕೊಟ್ಟ ಉತ್ತರ ಮಾತಿನದಲ್ಲ.

1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಗೋಪಾಲನಾಥರು ನುಡಿಸುತ್ತಿದ್ದುದನ್ನು ಕ್ಯಾಲಿಫೋರ್ನಿಯದ ಜಾನ್ ಹ್ಯಾಂಡಿ ಕೇಳಿದನು. ಅಲಿ ಅಕ್ಬರ್ ಖಾನರ ಸರೋದಿನೊಡನೆ ಮೊದಲೇ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕನು ಅವನು. ಕೇಳಿ ಸುಮ್ಮನಿರಲಾರದೆ, ಜತೆಯಲ್ಲಿ ನುಡಿಸಲು ತಾನೂ ವೇದಿಕೆಯನ್ನೇರಬಹುದೇ ಎಂದು ಕೇಳಿದನು. ಸಭೆ ಆ ಜೋಡಿಯನ್ನು ಮನಸಾರೆ ಮೆಚ್ಚಿತು. ಮೆಚ್ಚುಗೆಯಲ್ಲಿ ತಲೆದೂಗುವುದು ಒಂದು ತರಗತಿ, ಕೈತಟ್ಟುವುದು ಇನ್ನೊಂದು. ತನ್ನ ವಾದ್ಯವನ್ನೇ ಹಿಡಿದು ಎದ್ದು ಬರುವುದು ಇವೆಲ್ಲಕ್ಕೂ ಮೇಲಿನದು.

ಅದೇ ತರಗತಿಗೆ ಸೇರಿದವರು ರುದ್ರೇಶ್ ಮಹಾಂತಪ್ಪ. ಕನ್ನಡ ನಾಡಿನಿಂದ ಹೋಗಿ ಅಮೆರಿಕದಲ್ಲಿ ನೆಲಸಿದ ಮನೆತನದ ಈ ತರುಣರು ಅಲ್ಲಿ ಜಾಝ್ ಕಲಿಯುತ್ತಿದ್ದಾಗ ಅವರ ಅಣ್ಣನು ತಮಾಷೆಗೆಂದು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಮುದ್ರಿಕೆಯೊಂದನ್ನು ಕೊಟ್ಟನಂತೆ. ನುಡಿಸಿದ್ದವರು ಗೋಪಾಲನಾಥರು. ಅಣ್ಣನ ತಮಾಷೆ ತಮ್ಮನಿಗೆ ದೀಕ್ಷೆಯಾಯಿತು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ಮುದ್ರಿಕೆ ಹೊರಬಂದಿತು. ಅದಕ್ಕಿಟ್ಟ ಹೆಸರು ‘ಕಿನ್ಸ್‌ಮೆನ್’, ಎಂದರೆ ನೆಂಟರು. ಈ ನೆಂಟಸ್ತಿಕೆಯನ್ನು ಕೂಡಿಸಿದುದು ಕಿವಿಯೇ ಹೊರತು ರಕ್ತವಲ್ಲ.

ಗೋಪಾಲನಾಥರಿಗೆ ಸಂದ ಗೌರವಗಳ ಪಟ್ಟಿ ಉದ್ದವಾದುದು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಕಚೇರಿ, ಅದೇ ವರ್ಷ ತಮಿಳು ಚಿತ್ರ ‘ಡುಯೆಟ್’ನಿಂದ ಮನೆಮನೆಗೂ ಮುಟ್ಟಿದ ದನಿ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ಮರುಗಿದವರಲ್ಲಿ ರಾಗದ ಹೆಸರನ್ನು ಹೇಳಲಾರದವರೇ ಹೆಚ್ಚಾಗಿದ್ದಿರಬೇಕು; ಅದು ಅವರಿಗೆ ಕುಂದಲ್ಲ.

ಈ ಮೆಚ್ಚುಗೆಯ ಹೊಳೆ ಎಲ್ಲಿಂದ ನೀರನ್ನು ಎಳೆದುಕೊಂಡಿತೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ವೈಟ್‌ಫೀಲ್ಡಿನ ದೀಪ ತಗ್ಗಿಸಿದ ಮನೆಯಲ್ಲಿ ಸೊಪ್ರಾನೊದ ಒಂದು ಎಳೆತಕ್ಕೆ ಮೈಮರೆಯುವ ರಸಿಕನು, ಮದುವೆಯ ಚಪ್ಪರದಲ್ಲಿ ಅಂತಹುದೇ ಎಳೆತವನ್ನು ನಾಗಸ್ವರ ಎಳೆಯುತ್ತಿರುವಾಗ ಊಟದ ಪಂಕ್ತಿಯ ಕಡೆಗೆ ನಡೆಯುತ್ತಾನೆ. ಅಲ್ಲಿ ಓಲಗ ಮುಹೂರ್ತದ ಅಂಗ. ಗಟ್ಟಿಮೇಳವೆಂದಾಗ ಗಟ್ಟಿಯಾಗಿ ಬಾರಿಸಿದರೆ ಅದರ ಕೆಲಸ ಮುಗಿಯಿತು. ಊದುವವನ ಹೆಸರನ್ನು ಕೇಳುವವರು ಯಾರು? ದೂರದಿಂದ ಬಂದುದಕ್ಕೆ ಕುರ್ಚಿ, ಹತ್ತಿರದ್ದಕ್ಕೆ ಬಾಗಿಲ ಮೂಲೆ: ರಸಿಕತೆಯಲ್ಲಿ ಇದೊಂದು ಹಳೆಯ ಅನ್ಯಾಯವೆನ್ನದೆ ವಿಧಿಯಿಲ್ಲ. ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಊದಿದುದು ಬಹುಪಾಲು ತಂದೆಯ ವಾದ್ಯದ ಬಾನಿಯನ್ನೇ. ವೇದಿಕೆಯ ನಟ್ಟನಡುವೆ ಕುಳ್ಳಿರಿಸಿ, ಪಿಟೀಲಿಗೆ ಕನ್ಯಾಕುಮಾರಿಯವರಂತಹ ವಿದುಷಿಯನ್ನು ಕೂಡಿಸಿ, ಸಭೆ ಕೇಳಿ ಕೊಂಡಾಡಿದುದು ಆ ಬಾನಿಯನ್ನು.

ಅವರ ಕೀರ್ತಿಯಿಂದ ಕರಾವಳಿಯಲ್ಲಿ ಸ್ಯಾಕ್ಸೊಫೋನ್ ಕಲಿತವರು ನೂರಾರು ಮಂದಿ. ಮದುವೆಯ ಚಪ್ಪರಗಳಲ್ಲಿ ನಾಗಸ್ವರದ ಜಾಗವನ್ನು ಅದು ಬಹುಮಟ್ಟಿಗೆ ಹಿಡಿದಿದೆ. ದೇವಸ್ಥಾನದ ಉತ್ಸವಗಳಲ್ಲಿಯೂ ಬಲಿ ಹೊರಟಾಗ ದೇವರ ಮುಂದೆ ಡೋಲಿನವನೊಡನೆ ಸ್ಯಾಕ್ಸೊಫೋನಿನವರು ನಡೆಯುತ್ತಾರೆ. ಕೊರಳಿಗೆ ತೂಗುಹಾಕಿದ ಹಿತ್ತಾಳೆ ದೀವಟಿಗೆಯ ಬೆಳಕಿಗೆ ಮಿರುಗುತ್ತದೆ. ಒಳ್ಳೆಯ ಕಲ್ಯಾಣಿ, ಹದವಾದ ಮೋಹನ. ಜನ ಕೈಮುಗಿಯುತ್ತಾರೆ ದೇವರಿಗೆ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ, ಮಕ್ಕಳನ್ನು ಕೂಗಿ ಕರೆಯುತ್ತಾರೆ; ಊದುವವರ ಕಡೆ ಯಾರೂ ತಿರುಗುವುದಿಲ್ಲ.