ಗುಲ್ಬರ್ಗಾ ಅಳಿಸಿ ಕಲಬುರಗಿ ಬರೆದ ಕಮಿಟ್

ತೊಗರಿ ಬೇಳೆ ಮಿಲ್ಲುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದ ನಮ್ಮ ಆಫೀಸಿನಲ್ಲಿ ಮೊದಲು ತಾರೀಖು ಹಾಕಿದ ಫೋಲ್ಡರ್‌ಗಳೇ ಎಲ್ಲ. 2005ರ ಏಪ್ರಿಲ್ 1ರಂದು ವ್ಯಾಟ್ ತೆರಿಗೆ ಬಂತು ನೋಡಿ, ಮಿಲ್ಲಿಗೊಂದು ಫೋಲ್ಡರ್ ಹುಟ್ಟಿಕೊಂಡಿತು. ಯಾವುದರಲ್ಲಿ ಯಾವ ತಿದ್ದುಪಡಿ ಇದೆ ಅನ್ನುವುದು ಬರೆದವರಿಗೇ ತಿಳಿಯದಾಯಿತು. ಆಗ ಕೋಡಿನ ತಿದ್ದುಪಡಿಗಳ ದಾಖಲೆ ಇಡುವ ಸಿವಿಎಸ್ ಹಾಕಿಕೊಂಡೆವು. ಕಪ್ಪು ಪರದೆಯಲ್ಲಿ ‘ಸಿವಿಎಸ್ ಅಪ್‌ಡೇಟ್’ ಹೊಡೆದರೆ ಬೇರೆಯವರು ಬರೆದದ್ದು ಬರುತ್ತಿತ್ತು, ‘ಸಿವಿಎಸ್ ಕಮಿಟ್’ ಹೊಡೆದರೆ ನಮ್ಮದು ಹೋಗುತ್ತಿತ್ತು. ಆದರೆ ಹಳೆಯ ದಾಖಲೆಯೆಲ್ಲ ಆಫೀಸಿನ ಒಂದೇ ಸರ್ವರಿನಲ್ಲಿ. ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಮಲಾಪುರದಿಂದ ಬರುತ್ತಿದ್ದ ನಾನು ರಾತ್ರಿ ಮನೆಯಲ್ಲಿ ಏನೇ ಬರೆದರೂ ಬೆಳಿಗ್ಗೆ ಕಲಬುರಗಿ ಮುಟ್ಟುವವರೆಗೆ ಅದು ಲೆಕ್ಕಕ್ಕಿಲ್ಲ.

ವ್ಯಾಟ್ ಬಂದ ಅದೇ ಏಪ್ರಿಲ್‌ನಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಇಂಥದೇ ಕೆಲಸದ ಗಿಟ್ ಬರೆದರು. ಆರಂಭದಲ್ಲಿ ಒಂದು ಕಮಿಟ್‌ಗೇ ‘ರೈಟ್-ಟ್ರೀ’, ‘ಕಮಿಟ್-ಟ್ರೀ’ ಎಂದು ಹಲವು ಆಜ್ಞೆ ಹೊಡೆಯಬೇಕಿತ್ತು. ಪೆಟ್ರ್ ಬೌಡಿಶ್ ಅವರ ಕೊಜಿಟೊ ಎಂಬ ಸಾಧನ ಇವನ್ನೆಲ್ಲ ‘ಸಿಜಿ-ಕಮಿಟ್’ ಎಂಬ ಒಂದೇ ಆಜ್ಞೆಯ ಹಿಂದೆ ಇಟ್ಟಿತು. ಮುಂದೆ ಗಿಟ್ಟಿನ ಆಜ್ಞೆಗಳೇ ಸರಳವಾದವು, ಕೊಜಿಟೊ ಹಿಂದೆ ಸರಿಯಿತು. ನಮ್ಮ ಕೈಗೆ ಗಿಟ್ ಸಿಕ್ಕಿದ್ದು ಆಮೇಲೆ.

ಸಿಕ್ಕ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಒಮ್ಮೆ ‘ಗಿಟ್ ಕ್ಲೋನ್’ ಮಾಡಿದರೆ ಮೊದಲ ದಿನದಿಂದ ಬರೆದದ್ದೆಲ್ಲ ಲ್ಯಾಪ್‌ಟಾಪಿಗೆ ಬರುತ್ತದೆ. ಕಮಲಾಪುರದಲ್ಲಿ ಕರೆಂಟು ಹೋಗಲಿ, ನೆಟ್ ಇಲ್ಲದಿರಲಿ, ಬ್ಯಾಟರಿ ಇರುವಷ್ಟು ಹೊತ್ತು ಕಮಿಟ್ ಮಾಡುತ್ತ ಹೋಗಬಹುದು, ಹಳೆಯದನ್ನು ತೆಗೆದು ನೋಡಬಹುದು. ಸರ್ವರಿಗೆ ಕಳಿಸುವ ‘ಪುಶ್’ ಮಾತ್ರ ಆಗ ಕಲಬುರಗಿಗೆ ಬಂದ ಮೇಲೆ. ದೊಡ್ಡ ನಗರದವರಿಗೆ ಇದು ಅನುಕೂಲ ಅನ್ನಿಸಿರಬಹುದು, ನಮ್ಮಂಥ ಊರಿನವರಿಗೆ ಇದರಿಂದಲೇ ಕಸುಬು ಉಳಿಯಿತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಲಬುರಗಿಯ ದಾಖಲೆಯೂ ನಮ್ಮ ಗಿಟ್ಟಿನಲ್ಲಿದೆ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾದಾಗ ಬಿಲ್ಲಿನ ತಲೆಬರಹದಲ್ಲಿ ಗುಲ್ಬರ್ಗಾ ತೆಗೆದು ಕಲಬುರಗಿ ಹಾಕಿದೆವು. ‘ಗಿಟ್ ಲಾಗ್’ ಹೊಡೆದರೆ ಆ ಸಾಲು ಇವತ್ತಿಗೂ ಕಾಣುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು: ನೋಂದಾಯಿತ ಬ್ರ್ಯಾಂಡಿನ ಪ್ಯಾಕೆಟ್ ಬೇಳೆಗೆ ಶೇ. 5, ಬ್ರ್ಯಾಂಡಿಲ್ಲದ ಬೇಳೆಗೆ ತೆರಿಗೆಯಿಲ್ಲ. 2022ರ ಜುಲೈ 18ರಿಂದ ಬ್ರ್ಯಾಂಡಿನ ಮಾತು ಹೋಗಿ, 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ಟಿಗೆಲ್ಲ ಶೇ. 5. ಹಳೆಯ ಬಿಲ್ ಹಿಡಿದು ಮಿಲ್ಲಿನವರು “ಆಗ ಹ್ಯಾಂಗ ಹಾಕಿದ್ರಿ?” ಎಂದು ಕೇಳಿದರೆ ಆ ದಿನದ ಕೋಡನ್ನೇ ತೆಗೆದು ತೋರಿಸುತ್ತೇವೆ.

ಈಗಿನ ಹುಡುಗರು ಎಡಿಟರಿನ ಗುಂಡಿ ಒತ್ತಿ ಇದೆಲ್ಲ ಮುಗಿಸುತ್ತಾರೆ. ಆದರೂ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಆಜ್ಞೆಗಳನ್ನೇ ಕಲಿಸುತ್ತೇನೆ, ಗುಂಡಿ ಆಮೇಲೆ. ಮೊನ್ನೆ ಕಮಲಾಪುರದಿಂದ ಒಬ್ಬ ಫೋನ್ ಮಾಡಿದ್ದ: “ಸರ, ಪುಶ್ ತೊಗೊಳವಲ್ದರಿ.”

“ಫೆಚ್ ಮಾಡಿ ಲಾಗ್ ನೋಡಪ್ಪ, ನಿನಗಿಂತ ಮೊದ್ಲ ಯಾರು ಏನ್ ಬರದಾರಂತ” ಅಂದೆ. ನೋಡಿ, ಬೆರೆಸಿ, ತಾನೇ ಪುಶ್ ಮಾಡಿದ.