ಸೋಮವಾರದ ಪ್ರಾರ್ಥನೆ

ಆತ್ಮೀಯ ಮಿತ್ರರೇ,

ಚುನಾವಣೆಯ ಭಾಷಣದಲ್ಲಿ ದೇವರ ಹೆಸರು ಬಂತೆಂದರೆ ಟೀವಿ ಆರಿಸಿಬಿಡುತ್ತೇನೆ, ಧರ್ಮ ಮನೆಯೊಳಗೆ ಇದ್ದರೇ ಕ್ಷೇಮ ಎಂದು ಬರೆದಿದ್ದಿರಿ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಆ ಮಾತನ್ನು ಪೂರ್ತಿ ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ. ಅದಕ್ಕೆ ಕಾರಣ ರೋಸನೆಲ್ ಈಟನ್ ಎಂಬ ಅಜ್ಜಿ.

ಈಕೆ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕಪ್ಪು ಹೆಣ್ಣುಮಗಳು. 1942ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೇಸರಗತ್ತೆಯ ಗಾಡಿಯಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಲೂಯಿಸ್‌ಬರ್ಗ್‌ನ ಕೋರ್ಟಿಗೆ ಹೋದರು. ಅಲ್ಲಿ ಕೂತಿದ್ದ ಮೂವರು ಬಿಳಿಯರು ನೆಟ್ಟಗೆ ನಿಲ್ಲಿಸಿ, ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಒಪ್ಪಿಸಲು ಹೇಳಿದರು. ಆಕೆ ಒಂದು ಅಕ್ಷರವೂ ತಪ್ಪದೆ ಒಪ್ಪಿಸಿದರು. ಅಲ್ಲಿಂದಾಚೆ ಮತ ಹಾಕುತ್ತಲೇ ಬಂದರು.

2013ರಲ್ಲಿ ಅದೇ ರಾಜ್ಯ ಹೊಸ ಕಾಯ್ದೆ ತಂದಿತು. ಮತ ಹಾಕಲು ಫೋಟೊ ಗುರುತಿನ ಚೀಟಿ ಬೇಕು. ಈಟನ್ ಅವರ ಡ್ರೈವಿಂಗ್ ಲೈಸೆನ್ಸಿನ ಹೆಸರಿಗೂ ಮತದಾರರ ಪಟ್ಟಿಯ ಹೆಸರಿಗೂ ತಾಳೆಯಾಗಲಿಲ್ಲ. ತೊಂಬತ್ತು ದಾಟಿದ ಅಜ್ಜಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಮುಂಗಡ ಮತದಾನದ ದಿನಗಳನ್ನೂ 17ರಿಂದ 10ಕ್ಕೆ ಇಳಿಸಿದರು. ಇದರ ಪೆಟ್ಟು ಎಲ್ಲಿ ಬಿತ್ತು ಗೊತ್ತೇ? ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರದ ಪೂಜೆ ಮುಗಿಸಿ, ಎಲ್ಲರೂ ಬಸ್ಸು ಹತ್ತಿ ಒಟ್ಟಿಗೆ ಮತಗಟ್ಟೆಗೆ ಹೋಗುವ ರೂಢಿ ಇತ್ತು. ಅಂಥ ಎರಡು ಭಾನುವಾರಗಳಲ್ಲಿ ಒಂದು ಕೈತಪ್ಪಿತು.

ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ವಿಸ್ತರಣೆಯನ್ನು ಸರ್ಕಾರ ಅದೇ ವರ್ಷ ತಿರಸ್ಕರಿಸಿತ್ತು. ನಿರುದ್ಯೋಗ ಭತ್ಯೆಯನ್ನೂ ಕಡಿತ ಮಾಡಿತ್ತು. ಇದನ್ನೆಲ್ಲ ಪ್ರತಿಭಟಿಸಲು ಗೋಲ್ಡ್ಸ್‌ಬರೋ ಊರಿನ ಪಾದ್ರಿ ವಿಲಿಯಂ ಬಾರ್ಬರ್ ಏಪ್ರಿಲ್ 29ರ ಸೋಮವಾರ ಜನರನ್ನು ಕರೆದುಕೊಂಡು ರಾಜಧಾನಿ ರಾಲಿಯ ಶಾಸನಸಭೆಗೆ ಹೋದರು. ಬೆನ್ನುಮೂಳೆ ಬಿಗಿದುಕೊಳ್ಳುವ ಸಂಧಿವಾತ ಅವರಿಗೆ. ಕತ್ತು ಸರಿಯಾಗಿ ತಿರುಗದು, ಕೋಲು ಊರಿಯೇ ನಡೆಯಬೇಕು. ಸಭಾಂಗಣದ ಬಾಗಿಲ ಮುಂದೆ ನಿಂತು ಹಾಡಿದರು, ಪ್ರಾರ್ಥಿಸಿದರು. ಅಂದು 17 ಜನರ ಬಂಧನವಾಯಿತು. ಮುಂದಿನ ಸೋಮವಾರ ಮತ್ತೆ ಬಂದರು, ಅದರ ಮುಂದಿನ ಸೋಮವಾರವೂ ಬಂದರು. ರಬ್ಬಿಗಳು ಬಂದರು, ಮೇಷ್ಟ್ರುಗಳು, ಡಾಕ್ಟರುಗಳು, ದೇವರನ್ನೇ ನಂಬದವರೂ ಬಂದರು. ಪೊಲೀಸರು ಪ್ಲಾಸ್ಟಿಕ್ ಪಟ್ಟಿಯಿಂದ ಕೈ ಕಟ್ಟಿ ಬಸ್ಸಿಗೆ ಹತ್ತಿಸುವಾಗ ಹೊರಗೆ ನೆರೆದವರು ಚಪ್ಪಾಳೆ ತಟ್ಟಿ ಬೀಳ್ಕೊಡುತ್ತಿದ್ದರು. ಬೇಸಗೆ ಮುಗಿಯುವಷ್ಟರಲ್ಲಿ ಬಂಧಿತರು 900 ದಾಟಿದ್ದರು. ಅವರಲ್ಲಿ 92 ವರ್ಷದ ಈಟನ್ ಅಜ್ಜಿಯೂ ಒಬ್ಬರು.

ಅದೇ ಬೈಬಲ್ ಓದುವವರು ಶಾಸನಸಭೆಯ ಒಳಗೂ ಇದ್ದರು, ನಿಜ. ಹೊರಗಿದ್ದವರು ಕೇಳಿದ್ದನ್ನು ನೋಡಿ: ಔಷಧಿ, ಭತ್ಯೆ, ಮತ. ತಮ್ಮ ಚರ್ಚಿಗೆ, ತಮ್ಮ ಪಂಥಕ್ಕೆ ಅಂತ ಏನನ್ನೂ ಕೇಳಲಿಲ್ಲ. ನನಗೆ ಅವರಲ್ಲಿ ನಂಬಿಕೆ ಹುಟ್ಟಿದ್ದೇ ಇದರಿಂದ.

ಇನ್ನೊಂದು ಮಾತು. ಆ ವರ್ಷ ಅವರಿಗೆ ಏನೂ ದಕ್ಕಲಿಲ್ಲ. ಆಗಸ್ಟ್‌ನಲ್ಲಿ ಮತದಾನದ ಮಸೂದೆಗೆ ರಾಜ್ಯಪಾಲರ ಅಂಕಿತವೂ ಬಿತ್ತು. ಫಲ ಕಾಣದಿದ್ದರೂ ಮುಂದಿನ ವಾರ ಮತ್ತೆ ಸೇರುವುದು ಪ್ರಾರ್ಥಿಸುವವರಿಗೆ ರೂಢಿಯಾದ ಕೆಲಸ. ಎಷ್ಟೋ ಪ್ರಾರ್ಥನೆಗೆ ಉತ್ತರ ಬಾರದ್ದನ್ನು ಕಂಡವರು ಅವರು. ಆಸೆ ಎಂಬುದು ಅವರಲ್ಲಿ ಮನಸ್ಸಿನ ಉತ್ಸಾಹವನ್ನು ನೆಚ್ಚಿ ಕೂತಿರುವುದಿಲ್ಲ, ವಾರದ ಕಾಲುನಡಿಗೆಯಲ್ಲಿ ಉಳಿದುಕೊಳ್ಳುತ್ತದೆ. ನಮ್ಮ ಪಕ್ಷಗಳಿಗೆ, ಚಳವಳಿಗಳಿಗೆ ಈ ತಾಳ್ಮೆ ಬೇಕಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

2016ರ ಜುಲೈಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಕಾಯ್ದೆಯನ್ನು ತಳ್ಳಿಹಾಕಿತು. ಕಪ್ಪು ಮತದಾರರನ್ನೇ ಗುರಿಮಾಡಿ ಮಾಡಿದ ಕಾನೂನು ಎಂದಿತು. ದಾವೆ ಹೂಡಿದವರಲ್ಲಿ ಈಟನ್ ಇದ್ದರು. 2018ರಲ್ಲಿ ಅವರು ತೀರಿಕೊಂಡರು. ಗುರುತಿನ ಚೀಟಿಯ ನಿಯಮ ಬೇರೆ ದಾರಿಯಲ್ಲಿ ಮರಳಿ ಬಂತು. ಮೆಡಿಕೇಡ್ ವಿಸ್ತರಣೆ ಮಾತ್ರ 2023ರ ಡಿಸೆಂಬರ್ 1ರಿಂದ ಜಾರಿಯಾಯಿತು. ಸುಮಾರು ಆರು ಲಕ್ಷ ಜನ ಅದಕ್ಕೆ ಅರ್ಹರಾದರು. ಅದೇ ಮೆಡಿಕೇಡ್‌ಗೆ ಕತ್ತರಿ ಹಾಕುವ ಕೇಂದ್ರದ ಬಜೆಟ್ಟಿನ ವಿರುದ್ಧ 2025ರ ಏಪ್ರಿಲ್‌ನಲ್ಲಿ ಬಾರ್ಬರ್ ವಾಷಿಂಗ್ಟನ್ನಿನ ಸಂಸತ್ ಭವನದೊಳಗೆ ಪ್ರಾರ್ಥನೆಗೆ ನಿಂತರು, ಬಂಧನಕ್ಕೊಳಗಾದರು. ಅಂದೂ ಸೋಮವಾರ.

ನಿಮಗೆ ಇದರಲ್ಲಿ ಒಪ್ಪಿಗೆಯಾಗದ್ದು ಇದ್ದೇ ಇರುತ್ತದೆ. ಮುಲಾಜಿಲ್ಲದೆ ಬರೆಯಿರಿ.

ಇಂತಿ ನಿಮ್ಮ ಮಿತ್ರ